ಸರ್ವೋಗೆ ಯಾವ ಪಾಟ್?

ರಿಮೋಟ್ ವಿಮಾನದಲ್ಲೋ ಮಕ್ಕಳ ರೋಬಾಟ್ ಕೈಯಲ್ಲೋ ಇರುವ ಸರ್ವೋ ಮೋಟರ್ ಒಂದು ದಿನ ಇದ್ದಕ್ಕಿದ್ದಂತೆ ನಡುಗತೊಡಗುತ್ತದೆ. ನಿಲ್ಲು ಎಂದ ಕಡೆ ನಿಲ್ಲದೆ ಗಿರ್‌ಗಿರ್ ಎನ್ನುತ್ತ ಅತ್ತಿತ್ತ ಹೊಯ್ದಾಡುತ್ತದೆ. ಗೇರ್ ಹಲ್ಲು ಮುರಿದಿಲ್ಲ, ವೈರು, ವೋಲ್ಟೇಜು ಎಲ್ಲ ಸರಿಯಿದೆ ಎಂದಾದರೆ ಅನುಮಾನಿಸಬೇಕಾದ್ದು ಒಳಗಿನ ಪೊಟೆನ್ಷಿಯೋಮೀಟರನ್ನು. ಬಾಯಿಮಾತಿನಲ್ಲಿ ಅದು ಪಾಟ್.

ಸರ್ವೋಗೆ ಸೆಕೆಂಡಿಗೆ ಸುಮಾರು 50 ಪಲ್ಸ್ ಬರುತ್ತವೆ. ಪಲ್ಸಿನ ಅಗಲ 1.5 ಮಿಲಿಸೆಕೆಂಡ್ ಇದ್ದರೆ ನಡುವೆ ನಿಲ್ಲಬೇಕು. 1 ಆದರೆ ಒಂದು ಬದಿಗೆ, 2 ಆದರೆ ಇನ್ನೊಂದು ಬದಿಗೆ ಹೋಗಬೇಕು. ಈಗ ಎಲ್ಲಿದ್ದೇನೆಂದು ಸರ್ವೋ ಒಳಗಿನ ಬೋರ್ಡಿಗೆ ತಿಳಿಸುವುದು ಪಾಟ್. ಅದರ ಎರಡು ತುದಿಗೆ ವೋಲ್ಟೇಜ್ ಇರುತ್ತದೆ; ನಡುವಿನ ವೈಪರ್ ಇಂಗಾಲದ ಪಟ್ಟಿಯ ಮೇಲೆ ಜಾರುತ್ತ ಅದರಲ್ಲಿ ಒಂದು ಪಾಲನ್ನು ಎತ್ತಿ ಕೊಡುತ್ತದೆ. ಪಲ್ಸ್ ಹೇಳಿದ ಜಾಗವೂ ಪಾಟ್ ತೋರಿಸುವ ಜಾಗವೂ ತಾಳೆಯಾಗುವ ತನಕ ಮೋಟರ್ ತಿರುಗುತ್ತದೆ. ಸರ್ವೋ ಹೆಚ್ಚು ಹೊತ್ತು ಓಡಾಡುವುದು ನಡುಭಾಗದಲ್ಲೇ ಆದ್ದರಿಂದ ಪಟ್ಟಿ ಮೊದಲು ಸವೆಯುವುದೂ ಅಲ್ಲೇ.

ಪಾಟನ್ನು ಬೋರ್ಡಿನಿಂದ ಬಿಡಿಸಿ, ನಡುವಿನ ಕಾಲಿಗೂ ಒಂದು ತುದಿಗೂ ಮಲ್ಟಿಮೀಟರ್ ಹಿಡಿದು ಮೆಲ್ಲಗೆ ತಿರುಗಿಸಿ ನೋಡಿ. ಹಳೇ ಕಾಲದ ಮುಳ್ಳಿನ ಮೀಟರ್ ಇದ್ದರೆ ಇನ್ನೂ ವಾಸಿ. ಮುಳ್ಳು ಒಂದೇ ಹದದಲ್ಲಿ ಏರಬೇಕು. ಮಧ್ಯದಲ್ಲಿ ಥಟ್ಟನೆ ನೆಗೆದರೆ ಕಳ್ಳ ಸಿಕ್ಕಿಬಿದ್ದ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಕೊಳೆ ಹೋದೀತು, ಸವೆದ ಪಟ್ಟಿ ಮತ್ತೆ ಬೆಳೆಯುವುದಿಲ್ಲ.

ಹೊಸದನ್ನು ಕೊಳ್ಳಲು ಹೋದಾಗ ಎಲ್ಲರೂ ಮೊದಲು ಕೇಳುವುದು ‘ಎಷ್ಟು ಕೆ?’ ಎಂದು. ಸಾಮಾನ್ಯವಾಗಿ 5 ಕಿಲೋಓಮ್ ಇರುತ್ತದೆ. ಆದರೆ ನನ್ನ ಪ್ರಕಾರ ಅಷ್ಟೊಂದು ತಲೆಕೆಡಿಸಿಕೊಳ್ಳಬೇಕಾದ ಸಂಖ್ಯೆ ಅದಲ್ಲ. ಬೋರ್ಡ್ ನೋಡುವುದು ವೋಲ್ಟೇಜಿನ ಪಾಲನ್ನು, 4.7 ಇದ್ದರೂ 10 ಇದ್ದರೂ ಅರ್ಧ ಎಂದರೆ ಅರ್ಧವೇ. ತೀರಾ 500 ಓಮ್ ಹಾಕಿದರೆ ಹತ್ತು ಪಟ್ಟು ಕರೆಂಟ್ ಎಳೆಯುತ್ತದೆ, 100 ಕಿಲೋಓಮ್ ಹಾಕಿದರೆ ಮೋಟರಿನ ಗದ್ದಲವೆಲ್ಲ ಸಿಗ್ನಲ್ಲಿಗೆ ನುಗ್ಗುತ್ತದೆ. ಆ ಎರಡು ಅತಿಗಳನ್ನು ಬಿಟ್ಟರಾಯಿತು.

ನಿಜವಾಗಿ ಕಾಡುವುದು ಕೋನ. ಹಳೇ ಪಾಟಿನ ಪಟ್ಟಿ 200 ಡಿಗ್ರಿಯದು, ಹೊಸದು 300 ಡಿಗ್ರಿಯದು ಎಂದುಕೊಳ್ಳಿ. ಅದೇ ಪಾಲು ವೋಲ್ಟೇಜ್ ಬದಲಾಗಲು ದಂಡ ಒಂದೂವರೆ ಪಟ್ಟು ತಿರುಗಬೇಕು. 90 ಡಿಗ್ರಿ ಹೋಗುತ್ತಿದ್ದ ಸರ್ವೋ 135ಕ್ಕೆ ಹೊರಡುತ್ತದೆ. ದಾರಿಯಲ್ಲಿ ಗೇರಿನ ತಡೆ ಸಿಕ್ಕಿತೋ, ಅಲ್ಲೇ ತಿಣುಕಿ ಮೋಟರ್ ಬಿಸಿಯಾಗಿ ಸುಟ್ಟರೂ ಸುಟ್ಟೀತು.

ಪಾಟ್ ಲೀನಿಯರ್ ಆಗಿರಬೇಕು. ಏಷ್ಯಾದಲ್ಲಿ ತಯಾರಾಗುವ ಪಾಟುಗಳ ಮೇಲೆ ‘ಬಿ’ ಎಂದಿದ್ದರೆ ಲೀನಿಯರ್, ‘ಎ’ ಎಂದಿದ್ದರೆ ರೇಡಿಯೋ ವಾಲ್ಯೂಮಿಗೆ ಬಳಸುವ ಲಾಗ್ ಬಗೆ. ಗುರುತನ್ನು ನಂಬದಿದ್ದರೆ ಅರ್ಧ ತಿರುಗಿಸಿ ಮೀಟರಿನಲ್ಲಿ ಅರ್ಧ ಬರುತ್ತದೆಯೇ ನೋಡಿದರೆ ಸಾಕು. ಅಳತೆಗೆ ಸರಿಹೊಂದುತ್ತದೆಂದು ಟ್ರಿಮ್ಮರ್ ಎಂಬ ಪುಟ್ಟ ಪಾಟನ್ನು ತುರುಕುವವರಿದ್ದಾರೆ. ಟ್ರಿಮ್ಮರುಗಳ ಆಯುಷ್ಯ ಸಾಮಾನ್ಯವಾಗಿ 200 ಸುತ್ತಿನಷ್ಟು. ಸರ್ವೋ ಅದನ್ನು ಒಂದು ಸಂಜೆಯಲ್ಲೇ ಮುಗಿಸುತ್ತದೆ. ಕಂಡಕ್ಟಿವ್ ಪ್ಲಾಸ್ಟಿಕ್ ಪಟ್ಟಿಯದು ಸಿಕ್ಕರೆ ಅದು ಲಕ್ಷಗಟ್ಟಲೆ ಸುತ್ತು ತಾಳುತ್ತದೆ.

9 ಗ್ರಾಮಿನ ಅಗ್ಗದ ನೀಲಿ ಸರ್ವೋಗೆ ಇಷ್ಟೆಲ್ಲ ಪಾಡು ಬೇಡ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹೊಸದನ್ನೇ ತನ್ನಿ. ಲೋಹದ ಗೇರಿನ ದೊಡ್ಡ ಸರ್ವೋ ಆದರೆ ರಿಪೇರಿ ಮಾಡಿದ್ದಕ್ಕೆ ಬೆಲೆಯಿದೆ. ಅದೇ ಮಾದರಿಯ, ಮೋಟರ್ ಸುಟ್ಟ ಇನ್ನೊಂದು ಸಿಕ್ಕರೆ ಅದರ ಪಾಟೇ ಎಲ್ಲಕ್ಕಿಂತ ಉತ್ತಮ. ಬೆಸುಗೆ ಹಾಕಿದ ಮೇಲೆ ಮೋಟರ್ ಒಂದೇ ದಿಕ್ಕಿಗೆ ಓಡಿ ತುದಿಗೆ ಬಡಿದು ನಿಂತರೆ ಪಾಟಿನ ಎರಡು ತುದಿಯ ವೈರುಗಳನ್ನು ಅದಲುಬದಲು ಮಾಡಿ. ಕೊನೆಗೆ 1.5 ಮಿಲಿಸೆಕೆಂಡ್ ಪಲ್ಸ್ ಕೊಟ್ಟು ನಡುವಿಗೆ ತಂದು, ಆಮೇಲಷ್ಟೇ ದಂಡದ ಮೇಲೆ ಹಾರ್ನ್ ಎಂಬ ತೋಳನ್ನು ಕೂರಿಸಿ ಸ್ಕ್ರೂ ಬಿಗಿಯಿರಿ.