ಎಕರೆಗೆ ಎಂಟು ಲಕ್ಷ ಕಾಯಿ

ಸಾವಿರ ಹೆಸರುಕಾಳು ಎಣಿಸಿ ತೂಗಿದರೆ ಸುಮಾರು 35 ಗ್ರಾಂ. ಅಂದರೆ ಕಿಲೋಗೆ 28 ಸಾವಿರ ಕಾಳು. ಅಂಗಡಿಯಿಂದ ಅರ್ಧ ಕಿಲೋ ತರುವಾಗ ನಮ್ಮ ಕೈಚೀಲದಲ್ಲಿ 14 ಸಾವಿರ ಬೀಜಗಳಿರುತ್ತವೆ. ನೆನೆಹಾಕಿದರೆ ಹೆಚ್ಚುಕಡಿಮೆ ಎಲ್ಲವೂ ಮೊಳಕೆ ಒಡೆಯುತ್ತವೆ.

ದಾವಣಗೆರೆ ಜಿಲ್ಲೆ ಎಂದರೆ ಇವತ್ತು ಮೆಕ್ಕೆಜೋಳ, ಚನ್ನಗಿರಿ ಎಂದರೆ ಅಡಿಕೆ. ಹೊನ್ನಾಳಿ, ನ್ಯಾಮತಿ, ಜಗಳೂರಿನ ಮಳೆಯಾಶ್ರಯದ ಹೊಲಗಳಲ್ಲೂ ಹೆಸರಿಗೆ ಸಿಗುವುದು ಸಂದಿನ ಜಾಗ. ಆದರೆ ಈ ಸೀಮೆಗೆ ಮೆಕ್ಕೆಜೋಳ ಬಂದದ್ದು ನಿನ್ನೆ ಮೊನ್ನೆ. ಹೊನ್ನಾಳಿಯಿಂದ ಹೊಳೆಗುಂಟ ಸ್ವಲ್ಪ ಕೆಳಗೆ, ತುಂಗಭದ್ರೆಯ ಆಚೆ ದಡದಲ್ಲಿ ಹಳ್ಳೂರು ಇದೆ. ಅಲ್ಲಿನ ನವಶಿಲಾಯುಗದ ನೆಲೆಯಲ್ಲಿ ಸುಟ್ಟು ಕರಿಕಾದ ಹೆಸರುಕಾಳು ಸಿಕ್ಕಿವೆ. ಬಳ್ಳಾರಿಯ ಸಂಗನಕಲ್ಲಿನಲ್ಲೂ ಸಿಕ್ಕಿವೆ. ವರ್ಷಕ್ಕೊಂದೇ ಬೆಳೆ ಎಂದುಕೊಂಡರೂ ಈ ಹೊಳೆಸಾಲಿನಲ್ಲಿ ಹೆಸರು ಮೂರು ಸಾವಿರಕ್ಕೂ ಹೆಚ್ಚು ಸಲ ಬಿತ್ತನೆ ಕಂಡಿರಬಹುದು.

ಒಂದು ಎಕರೆಯ ಲೆಕ್ಕ ನೋಡೋಣ. ರೋಹಿಣಿ ಮಳೆ ಬಿದ್ದಾಗ 5 ಕಿಲೋ ಬಿತ್ತಿದರೆ ಮಣ್ಣಿಗೆ ಇಳಿಯುವುದು 1 ಲಕ್ಷ 40 ಸಾವಿರ ಬೀಜ. ಸಾಲಿಂದ ಸಾಲಿಗೆ ಒಂದಡಿ, ಗಿಡದಿಂದ ಗಿಡಕ್ಕೆ ನಾಲ್ಕು ಬೆರಳು ಬಿಟ್ಟರೆ ಎಕರೆಯಲ್ಲಿ ಹಿಡಿಸುವ ಗಿಡಗಳೂ ಹೆಚ್ಚುಕಡಿಮೆ ಅಷ್ಟೇ. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಈ ಐದು ಮಳೆ ಕಳೆದರೆ ಸರಿಯಾಗಿ 70 ದಿನ. ಅಷ್ಟರಲ್ಲಿ ಬೆಳೆ ಕೈಗೆ ಬರುತ್ತದೆ. ಹಳದಿ ನಂಜು ರೋಗ ತಗುಲದೆ, ಮಳೆ ಕೈಕೊಡದೆ 3 ಕ್ವಿಂಟಲ್ ಸಿಕ್ಕರೆ ಒಳ್ಳೆಯ ಬೆಳೆ. ಕಾಳಿನ ಲೆಕ್ಕದಲ್ಲಿ ಅದು 84 ಲಕ್ಷ. ಒಂದು ಬೀಜಕ್ಕೆ ಅರವತ್ತು! ಕಾಯಿಗೆ ಹತ್ತು ಹನ್ನೊಂದು ಕಾಳಿನಂತೆ ಎಣಿಸಿದರೆ ಎಂಟು ಲಕ್ಷ ಕಾಯಿ. ಹೆಸರಿನ ಗಿಡದಲ್ಲಿ ನೂರು ಹೂವಾದರೆ ಎಪ್ಪತ್ತಕ್ಕೂ ಹೆಚ್ಚು ಉದುರಿಹೋಗುತ್ತವೆ. ಹಾಗಾಗಿ ಆ ಎಂಟು ಲಕ್ಷ ಕಾಯಿಯ ಹಿಂದೆ ಕನಿಷ್ಠ 26 ಲಕ್ಷ ಹೂ ಅರಳಿರಬೇಕು. ಅದೂ ಒಂದೇ ಎಕರೆಯಲ್ಲಿ.

ನನ್ನನ್ನು ಹೆಚ್ಚು ಕಾಡುವುದು ಈ ಕಾಯಿಗಳನ್ನು ಬಿಡಿಸುವ ಕೈಗಳ ಲೆಕ್ಕ. ಕಾಯಿ ಒಟ್ಟಿಗೆ ಮಾಗುವುದಿಲ್ಲ. ಎರಡು ಮೂರು ಸಲ ಹೊಲಕ್ಕಿಳಿದು, ಬಾಗಿ, ಕಪ್ಪಾದದ್ದನ್ನಷ್ಟೇ ಬಿಡಿಸಿ ಉಡಿಗೆ ಹಾಕಿಕೊಳ್ಳಬೇಕು. ಈ ಕೆಲಸ ಮಾಡುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಸೆಕೆಂಡಿಗೆ ಒಂದು ಕಾಯಿಯಂತೆ ಎಲ್ಲೂ ನಿಲ್ಲದೆ ಬಿಡಿಸಿದರೂ ಎಕರೆಗೆ 222 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ 28 ಆಳು. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 8,768 ರೂಪಾಯಿ. ಆ ದರದಲ್ಲಿ ಒಂದು ಕಾಯಿಯ ಬೆಲೆ ಮೂರು ಪೈಸೆಗಿಂತ ತುಸು ಹೆಚ್ಚು. ಬೀಜ, ಗೊಬ್ಬರ, ಉಳುಮೆ, ಕೂಲಿ ಎಲ್ಲವೂ ಆ ಮೂರು ಪೈಸೆಯೊಳಗೇ ಹುಟ್ಟಬೇಕು.

ಇನ್ನು ರಫ್ತಿನ ಮಾತು. ಇಪ್ಪತ್ತು ಅಡಿಯ ಒಂದು ಕಂಟೇನರಿಗೆ ಸುಮಾರು 24 ಟನ್ ಹೆಸರುಕಾಳು ತುಂಬಬಹುದು. ಅದು 67 ಕೋಟಿ ಕಾಳು. 2011ರ ಜನಗಣತಿಯ ಕರ್ನಾಟಕಕ್ಕೆ ತಲೆಗೊಂದರಂತೆ ಹಂಚಿದರೆ ಹನ್ನೊಂದು ಸುತ್ತು ಬರುತ್ತದೆ. ಇಷ್ಟಕ್ಕೆ ಬೇಕಾದದ್ದು 80 ಎಕರೆಯ ಒಳ್ಳೆಯ ಬೆಳೆ. ಒಬ್ಬಳೇ ಹೆಣ್ಣುಮಗಳು ಸೆಕೆಂಡಿಗೊಂದರಂತೆ ಇಷ್ಟೂ ಕಾಯಿ ಬಿಡಿಸಲು ಹೊರಟರೆ, ದಿನಕ್ಕೆ ಎಂಟು ಗಂಟೆಯಂತೆ, ಹಬ್ಬ ಹುಣ್ಣಿಮೆಯ ರಜೆಯೂ ಇಲ್ಲದೆ ಆರು ವರ್ಷ ಹಿಡಿಯುತ್ತದೆ. ಒಂದು ಕಂಟೇನರಿಗೆ!

ಬೇಳೆಕಾಳಿನ ರಫ್ತಿಗೆ 2006ರಲ್ಲಿ ಹಾಕಿದ ತಡೆಯನ್ನು ಕೇಂದ್ರ ಸರ್ಕಾರ ತೆಗೆದದ್ದು 2017ರಲ್ಲಿ. ಅಷ್ಟರಲ್ಲಿ ಮ್ಯಾನ್ಮಾರ್, ಆಸ್ಟ್ರೇಲಿಯಾ ಮಾರುಕಟ್ಟೆಯಲ್ಲಿ ಬೇರೂರಿದ್ದವು. ಆಸ್ಟ್ರೇಲಿಯಾದವರಂತೂ ಬೆಳೆದ ಹೆಸರನ್ನು ಬಹುಪಾಲು ಹೊರಗೇ ಕಳಿಸುತ್ತಾರೆ. ಹೊರದೇಶದ ಕೊಳ್ಳುಗ ಕೇಳುವುದು ಒಂದೇ ಗಾತ್ರ, ಒಂದೇ ಹೊಳಪು, ಒಂದೇ ಸಮನೆ ಬರುವ ಮೊಳಕೆ. ನಮ್ಮಲ್ಲಿ ತೊಡಕಾಗುವುದು ಇಲ್ಲಿಯೇ. ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರೂವರೆ ಎಕರೆಗಿಂತ ಕಡಿಮೆ. ಅದರಲ್ಲಿ ಹೆಸರಿಗೆ ಒಂದೆರಡು ಎಕರೆ ಬಿಟ್ಟಾರು. ಒಂದು ಕಂಟೇನರಿಗೆ ನಲವತ್ತು ಮನೆಗಳಾದರೂ ಕೂಡಬೇಕು. ಒಬ್ಬರು ಧಾರವಾಡದ ಡಿಜಿಜಿವಿ-2, ಪಕ್ಕದವರು ಬೀದರಿನ ಬಿಜಿಎಸ್-9, ಮತ್ತೊಬ್ಬರು ಹಳೆಯ ಚೀನಾ ಮುಂಗ್ ಬಿತ್ತಿ ಒಂದೇ ರಾಶಿಗೆ ಸುರಿದರೆ, ಒಂದೊಂದೂ ಒಳ್ಳೆಯ ತಳಿಯೇ ಆದರೂ, ರಾಶಿ ಬೆರಕೆ ಮಾಲಾಗುತ್ತದೆ. ಆಶ್ಲೇಷ ಮಳೆ ಬಿಡದೆ ಹಿಡಿದರೆ ಗಿಡದ ಮೇಲೆಯೇ ಕಾಳು ಬಣ್ಣಗೆಟ್ಟು ಮೊಳೆಯುತ್ತದೆ, ಅದು ಬೇರೆ ಸಂಕಟ. ಮಳೆ ನಮ್ಮ ಕೈಯಲ್ಲಿಲ್ಲ. ತಳಿಯ ಆಯ್ಕೆ ಇದೆ.

ಆದ್ದರಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ರೈತ ಬಂಧುಗಳಲ್ಲಿ ಒಂದು ಕೋರಿಕೆ: ಮುಂದಿನ ರೋಹಿಣಿ ಬರುವ ಮೊದಲು ಊರಿನವರೆಲ್ಲ ಒಮ್ಮೆ ಕೂತು ಮಾತಾಡಿ, ಒಂದು ಊರಿಗೆ ಒಂದೇ ತಳಿ ಗೊತ್ತುಮಾಡಿಕೊಳ್ಳಿ.