ಶತಧೌತಘೃತ ಅಥವಾ ನೂರು ಬಾರಿ ತೊಳೆದ ತುಪ್ಪ

ದೇಹಕ್ಕೆ ಜರೆಯು ಸಹಜಧರ್ಮ. ಅದನ್ನು ತಡೆಯುವ ಔಷಧವನ್ನು ಯಾವ ವೈದ್ಯನೂ ಕಂಡುಹಿಡಿದಿಲ್ಲ. ಆದರೆ ಮುಪ್ಪು ಬಂದಿತೆಂದು ಮುಖವು ಒಡೆದು ಉರಿಯುತ್ತಲೇ ಇರಬೇಕೆಂಬ ನಿಯಮವೇನೂ ಇಲ್ಲ. ಈ ಮಾತು ನನಗೆ ಮನವರಿಕೆಯಾದುದು ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿಯಿಂದ.

ನಾವು ವಾಸಿಸುವುದು ಬೆಂಗಳೂರಿನ ಪೂರ್ವಭಾಗದ ಬೈಯಪ್ಪನಹಳ್ಳಿಯಲ್ಲಿ. ನಗರದ ಮೊದಲನೆಯ ಮೆಟ್ರೋ ರೈಲುಮಾರ್ಗವು ೨೦೧೧ರಲ್ಲಿ ತೆರೆದುದು ಈ ಊರಿಗೂ ಮಹಾತ್ಮಾಗಾಂಧಿ ರಸ್ತೆಗೂ ನಡುವೆ. ಸಮುದ್ರಮಟ್ಟಕ್ಕಿಂತ ಸುಮಾರು ೩,೦೦೦ ಅಡಿ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಪುಷ್ಯಮಾಘಗಳ ಗಾಳಿಯು ಬಹು ಶುಷ್ಕವಾದುದು. ಕಳೆದ ಚಳಿಗಾಲದಲ್ಲಿ ನನ್ನ ಪತ್ನಿಯ ಕೆನ್ನೆಗಳು ಬಿರಿದು ಹೊಟ್ಟೇಳತೊಡಗಿದುವು. ಯೌವನವನ್ನೇ ಮರಳಿ ತರುವುದೆಂದು ಘೋಷಿಸಿಕೊಂಡಿದ್ದ ಸುಗಂಧಲೇಪವೊಂದನ್ನು, ಪಿಂಚಣಿಯ ಹಣದಲ್ಲಿ ಒಂದು ದೊಡ್ಡ ಪಾಲನ್ನು ತೆತ್ತು, ನಾನೇ ತಂದುಕೊಟ್ಟೆನು. ಮೂರೇ ದಿನಗಳಲ್ಲಿ ಮುಖವು ಕೆಂಪೇರಿ ಉರಿಯತೊಡಗಿತು. ಮೊಮ್ಮಗಳ ನಾಮಕರಣಕ್ಕೆ ಬರಲಾರೆನೆಂದು ಆಕೆ ಕೋಣೆಯಲ್ಲಿ ಕುಳಿತುಬಿಟ್ಟಳು. “ನನಗೆ ಯೌವನ ಬೇಡ, ಈ ಉರಿಯೊಂದು ಹೋದರೆ ಸಾಕು” ಎಂದ ಆಕೆಯ ಮಾತು ನನ್ನನ್ನು ನಾಚಿಸಿತು. ಚರ್ಮವೈದ್ಯರು ಆ ಲೇಪವನ್ನು ಬಿಡಿಸಿ, ಉರಿಯಡಗಲು ಔಷಧವನ್ನು ಕೊಟ್ಟು, ಮುಂದೆ ಸುಗಂಧವಿಲ್ಲದ ಜಿಡ್ಡಿನ ಲೇಪವೇ ಸಾಕೆಂದರು. ಆಗ ನೆನಪಾದುದು ನಮ್ಮ ತಾಯಿಯವರು ತಟ್ಟೆಯಲ್ಲಿ ಉಜ್ಜುತ್ತಿದ್ದ ಬಿಳಿಯ ತುಪ್ಪ.

ಚರ್ಮದ ಹೊರಪದರವನ್ನು ಇಟ್ಟಿಗೆಯ ಗೋಡೆಗೆ ಹೋಲಿಸಬಹುದು. ಜೀವಕೋಶಗಳೇ ಇಟ್ಟಿಗೆಗಳು, ಅವುಗಳ ನಡುವಣ ಜಿಡ್ಡೇ ಗಾರೆ. ವಯಸ್ಸಾದಂತೆ ಸ್ನೇಹಗ್ರಂಥಿಗಳು ಸೊರಗಿ, ಗಾರೆಯು ಸಡಿಲಿ, ಒಳಗಿನ ತೇವವು ಆವಿಯಾಗಿ ಹೋಗುವುದು. ಸ್ತ್ರೀಯರಲ್ಲಿ ಮುಟ್ಟು ನಿಂತ ಬಳಿಕ ಇದು ಹೆಚ್ಚು. ಸುಡುನೀರೂ ಸಾಬೂನೂ ಉಳಿದ ಜಿಡ್ಡನ್ನೂ ತೊಳೆದುಬಿಡುವುವು. ಆದುದರಿಂದ ತೇವವನ್ನು ಹಿಡಿದಿಟ್ಟು ಬಿರುಕನ್ನು ಮುಚ್ಚುವುದೇ ಲೇಪದ ಕೆಲಸ.

ನಮ್ಮ ಪೂರ್ವಿಕರು ಇದನ್ನು ಅರಿಯದವರಲ್ಲ. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ ನಿತ್ಯಾಭ್ಯಂಗವು ಜರೆಯನ್ನೂ ಶ್ರಮವನ್ನೂ ವಾತವನ್ನೂ ಕಳೆಯುವುದೆಂದಿರುವರು. ಋತುಋತುವಿಗೆ ಬೇರೆ ಬೇರೆ ಮುಖಲೇಪಗಳನ್ನು ವಿಧಿಸಿ, ಲೇಪವನ್ನು ಮುಖದ ಮೇಲೆ ಒಣಗಲು ಬಿಡಬಾರದೆಂದೂ, ನೆನೆಸಿ ತೆಗೆದ ಮೇಲೆ ಸ್ನೇಹವನ್ನು ಸವರಬೇಕೆಂದೂ ಎಚ್ಚರಿಸಿರುವರು. ಕಡಲೆಹಿಟ್ಟನ್ನು ಬಳಿದು ಬಿಗಿಯುವವರೆಗೆ ಒಣಗಿಸುವ ಸೋದರಿಯರು ಇದನ್ನು ಗಮನಿಸತಕ್ಕದ್ದು. ಕ್ರಿ. ಶ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನನು ಜೇನುಮೇಣ, ಆಲಿವ್ ಎಣ್ಣೆ, ಗುಲಾಬಿನೀರುಗಳನ್ನು ಕಲೆಸಿ ತಂಪುಲೇಪವನ್ನು ಮಾಡಿದನೆಂದು ಹೇಳುವರು. ಕೋಲ್ಡ್ ಕ್ರೀಮಿನ ಮೂಲ ಅದೇ. ಜಿಡ್ಡನ್ನೂ ನೀರನ್ನೂ ಒಂದುಗೂಡಿಸುವ ಆ ಯುಕ್ತಿಯೇ ಶತಧೌತಘೃತದಲ್ಲಿಯೂ ಇದೆ. ಈ ಘೃತದ ಹೆಸರು ಚರಕಸಂಹಿತೆಯಲ್ಲಿಯೇ ಬಂದಿದೆ.

ಇನ್ನು ವಿಧಾನ. ಹೊಸದಾಗಿ ಕಾಯಿಸಿದ ಹಸುವಿನ ತುಪ್ಪ ೨೫ ಗ್ರಾಂ ಸಾಕು. ಅದನ್ನು ಅಗಲವಾದ ತಟ್ಟೆಯಲ್ಲಿಟ್ಟು, ಕುದಿಸಿ ಆರಿಸಿದ ನೀರನ್ನು ಮುಳುಗುವಷ್ಟು ಹಾಕಿ, ಶುಭ್ರವಾದ ಅಂಗೈಯಿಂದ ಸುತ್ತಲೂ ಉಜ್ಜಿ, ನೀರನ್ನು ಬಸಿಯಬೇಕು. ಹೀಗೆ ನೂರು ಬಾರಿ. ಲೆಕ್ಕ ತಪ್ಪದಂತೆ ನಮ್ಮ ತಾಯಿಯವರು ಹತ್ತು ಬಾರಿಗೊಂದರಂತೆ ಹುಣಿಸೆಬೀಜವನ್ನು ಪಕ್ಕಕ್ಕಿಡುತ್ತಿದ್ದರು. ಮೊದಲು ಹಳದಿಯಾಗಿ ಮರಳುಮರಳಾಗಿದ್ದ ತುಪ್ಪವು ಕ್ರಮೇಣ ಬಿಳುಪೇರಿ, ಕೊನೆಗೆ ಬೆಣ್ಣೆಗಿಂತ ಮೃದುವಾಗುವುದು. ತುಪ್ಪದ ವಾಸನೆಯೂ ಬಹುಮಟ್ಟಿಗೆ ಅಡಗುವುದು. ಸಂಪ್ರದಾಯದಲ್ಲಿ ಬಳಸುವುದು ತಾಮ್ರದ ತಟ್ಟೆಯನ್ನು. ಆದರೆ ತಾಮ್ರವು ಜಿಡ್ಡನ್ನು ಬೇಗ ಕಮಟಾಗಿಸುವುದರಿಂದ ನಾನು ಸ್ಟೀಲ್ ತಟ್ಟೆಯನ್ನು ಬಳಸುವೆನು.

ಮೊದಲ ಸಲ ಉತ್ಸಾಹದಿಂದ ಕಾಲು ಕಿಲೋ ತುಪ್ಪವನ್ನು ತೊಳೆದು ಡಬ್ಬಿ ತುಂಬಿಟ್ಟೆನು. ಹದಿನೈದು ದಿನಗಳಲ್ಲಿ ದುರ್ವಾಸನೆ ಬಂದು ಎಲ್ಲವನ್ನೂ ಚೆಲ್ಲಬೇಕಾಯಿತು. ಕೆಡದಂತೆ ಕಾಯುವ ದ್ರವ್ಯವಿಲ್ಲದ, ನೀರು ಬೆರೆತ ವಸ್ತುವಿಗೆ ಆಯುಸ್ಸು ಅಲ್ಪ. ಆದಕಾರಣ ನೀರನ್ನು ಚೆನ್ನಾಗಿ ಒತ್ತಿ ತೆಗೆದು, ಕುದಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಭರಣಿಯಲ್ಲಿ ತುಂಬಿ, ಫ್ರಿಜ್ಜಿನಲ್ಲಿಟ್ಟು, ಒಂದು ವಾರದೊಳಗೆ ಮುಗಿಸತಕ್ಕದ್ದು. ಬೆರಳನ್ನು ಅದ್ದದೆ ಒಣಚಮಚದಿಂದಲೇ ತೆಗೆಯಬೇಕು. ಮುಖಕ್ಕೆ ಸವರಿ ಉಳಿದುದು ಕೈಕಾಲುಗಳಿಗಾಗುವುದು.

ಮೊದಲು ಮೊಣಕೈಯ ಒಳಮಗ್ಗುಲಲ್ಲಿ ಸ್ವಲ್ಪ ಸವರಿ ಎರಡು ದಿನ ನೋಡಬೇಕು. ತುರಿಕೆ ಕೆಂಪುಗಳಿಲ್ಲದಿದ್ದರೆ, ರಾತ್ರಿ ಉಗುರುಬೆಚ್ಚನೆಯ ನೀರಿನಿಂದ ಮುಖವನ್ನು ತೊಳೆದು, ತೇವವಿರುವಾಗಲೇ ಕಡಲೆಕಾಳಿನಷ್ಟನ್ನು ತೆಳುವಾಗಿ ಸವರುವುದು. ಮೊಡವೆಯುಳ್ಳವರಿಗೆ ಇದು ಸಲ್ಲದು. ಗಾಯ, ಕಜ್ಜಿಗಳುಳ್ಳವರು ವೈದ್ಯರನ್ನು ಕೇಳಬೇಕು. ನಿಂಬೆಯ ರಸವನ್ನು ಎಂದಿಗೂ ಬೆರೆಸಬಾರದು. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮವು ಸುಟ್ಟು ಕಲೆಯಾಗುವ ಅಪಾಯವುಂಟು. ಮುಖಕ್ಕೆ ಮುಪ್ಪನ್ನು ತರುವುದರಲ್ಲಿ ಬಿಸಿಲೇ ಅಗ್ರಗಣ್ಯ. ಅದನ್ನು ತಡೆಯುವ ಶಕ್ತಿ ತುಪ್ಪಕ್ಕಿಲ್ಲವಾದುದರಿಂದ ಹಗಲಿನಲ್ಲಿ ಕೊಡೆಯನ್ನು ಮರೆಯಲಾಗದು.

ಒಂದು ತಿಂಗಳಲ್ಲಿ ನನ್ನ ಪತ್ನಿಯ ಕೆನ್ನೆಗಳು ಮೆದುವಾದುವು. ಸುಕ್ಕು ಒಂದೂ ಹೋಗಲಿಲ್ಲ. ಹೋಗುವುದೆಂದು ನಾನು ಈ ಸಲ ಹೇಳಿಯೂ ಇರಲಿಲ್ಲ. ಈಗ ಪ್ರತಿ ಭಾನುವಾರ ಮಧ್ಯಾಹ್ನ ಇಬ್ಬರೂ ತಟ್ಟೆಯ ಮುಂದೆ ಕುಳಿತು, ಐವತ್ತು ಬಾರಿ ಆಕೆ, ಐವತ್ತು ಬಾರಿ ನಾನು, ಹುಣಿಸೆಬೀಜಗಳನ್ನೆಣಿಸುತ್ತ ತುಪ್ಪವನ್ನು ತೊಳೆಯುವೆವು. ಮೊಮ್ಮಗಳು ಅಜ್ಜಿಯ ಕೆನ್ನೆಗೆ ತನ್ನ ಕೆನ್ನೆಯನ್ನೊತ್ತಿ ನಗುವಾಗ ಆಕೆ ಮುಖವನ್ನು ಹಿಂದೆಗೆಯುವುದಿಲ್ಲ. ನೂರು ನೀರಿನ ಶ್ರಮಕ್ಕೆ ಇದಕ್ಕಿಂತ ಹೆಚ್ಚಿನ ಫಲವನ್ನು ನಾನು ಬಯಸುವುದಿಲ್ಲ.