ಮನಸ್ಸಿನ ಗಾಯಕ್ಕೂ ಆರೈಕೆ ಬೇಕು

ಎತ್ತು ಒಂದು ಹೊತ್ತು ಮೇವು ಬಿಟ್ಟರೆ ರೈತನಿಗೆ ಕೂಡಲೇ ತಿಳಿಯುತ್ತದೆ. ಕಣ್ಣು, ಕಿವಿ, ಸಗಣಿ ಎಲ್ಲವನ್ನೂ ನೋಡಿ, ಸಂಜೆಯೊಳಗೆ ದನದ ಡಾಕ್ಟರರನ್ನು ಕರೆಸುತ್ತಾನೆ. ಅದೇ ಮನೆಯಲ್ಲಿ ಮಗ ತಿಂಗಳಿನಿಂದ ನಿದ್ದೆಗೆಟ್ಟಿದ್ದರೆ, “ಅವನಿಗೆ ಧೈರ್ಯ ಸಾಲದು” ಎಂದು ಸುಮ್ಮನಾಗುತ್ತೇವೆ. ಕೃಷಿಯ ಪುಟದಲ್ಲಿ ಈ ಮಾತನ್ನು ನಾವು ಎತ್ತುವುದಕ್ಕೆ ಇದೇ ಕಾರಣ.

ಕುನ್ನತ್ತೂರಿನ ಕಡೆಯ ಬೇಸಾಯ ಬಾವಿಯನ್ನೂ ಬೋರನ್ನೂ ನಂಬಿದ್ದು. ಬಾವಿಗೆ ಬಿದ್ದವರನ್ನು ಮೇಲೆತ್ತಿದವರು, ಮೋಟಾರಿನ ಕರೆಂಟು ಹೊಡೆದು ಬದುಕಿದವರು, ತಿರುಪ್ಪೂರಿನ ಬನಿಯನ್ ಕೆಲಸಕ್ಕೆ ಹೋಗಿಬರುವಾಗ ಅಪಘಾತ ಕಂಡವರು ಯಾವ ಊರಲ್ಲಿಯೂ ಇರಬಹುದು. ಮೈಯ ಗಾಯ ಮಾಯ್ದ ಮೇಲೂ ಕೆಲವರಲ್ಲಿ ಮನಸ್ಸಿನ ಗಾಯ ಉಳಿಯುತ್ತದೆ.

ಇದನ್ನು ಗುರುತಿಸುವುದು ಹೇಗೆ? ನಡೆದ ಘಟನೆ ಕನಸಿನಲ್ಲಿಯೂ ಎಚ್ಚರದಲ್ಲಿಯೂ ಮತ್ತೆ ಮತ್ತೆ ಕಣ್ಣೆದುರು ಬರುತ್ತದೆ. ಆ ಬಾವಿಯ ದಾರಿಯನ್ನೇ ಬಿಡುತ್ತಾರೆ. ಸಣ್ಣ ಸದ್ದಿಗೂ ಬೆಚ್ಚುತ್ತಾರೆ, ವೃಥಾ ಸಿಡುಕುತ್ತಾರೆ. ಮಕ್ಕಳಾದರೆ ತಾಯಿಯ ಸೆರಗು ಬಿಡರು; ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಬಹುದು. ಮೊದಲ ಕೆಲವು ವಾರ ಹೀಗಾಗುವುದು ಸಹಜ; ಹೆಚ್ಚಿನವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ತಿಂಗಳು ಕಳೆದರೂ ಬಿಡದೆ ಕೆಲಸ, ಊಟ, ನಿದ್ದೆ ಕೆಟ್ಟರೆ ಅದು ರೋಗವೆಂದೇ ತಿಳಿಯಬೇಕು.

ಯಾವ ಘಟನೆಯೂ ಇಲ್ಲದೆ ಕೆಲವರಿಗೆ ಒಮ್ಮೆಲೇ ಎದೆ ಹೊಡೆದುಕೊಂಡು, ಬೆವರಿ, ಸತ್ತೇಹೋಗುವೆನೆಂಬ ಭಯ ಬರುವುದುಂಟು. ಎದೆನೋವಿದ್ದರೆ ಹೃದಯದ ತೊಂದರೆಯಲ್ಲವೆಂದು ಮೊದಲು ಆಸ್ಪತ್ರೆಯಲ್ಲಿಯೇ ಖಚಿತಪಡಿಸಿಕೊಳ್ಳಬೇಕು. ಭಯದ ಬೇನೆಯೇ ಎಂದು ತಿಳಿದ ಮೇಲೆ, ಅದು ಬಂದಾಗ ಹತ್ತಿರ ಕುಳಿತು ನಿಧಾನವಾಗಿ ಉಸಿರು ಬಿಡಿಸಿರಿ; ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ.

ಮನೆಯವರು ಮಾಡಬೇಕಾದುದು ಇಷ್ಟು. ಹಂಗಿಸಬೇಡಿರಿ. ನಡೆದುದನ್ನು ಹೇಳೆಂದು ಕೆದಕಬೇಡಿರಿ. ತಾವಾಗಿ ಹೇಳಿದರೆ ತಾಳ್ಮೆಯಿಂದ ಕೇಳಿರಿ. ಕುಡಿತದಿಂದ ನಿದ್ದೆ ಬರಿಸಲು ಬಿಡಬೇಡಿರಿ. ಅಂಗಡಿಯಿಂದ ನಿದ್ದೆಮಾತ್ರೆ ತಂದು ಕೊಡಬೇಡಿರಿ. ದೇವರಿಗೆ ಹರಕೆ ಹೊತ್ತರೆ ತಪ್ಪಿಲ್ಲ. ಆದರೆ ಅದಕ್ಕಾಗಿ ವೈದ್ಯರನ್ನು ಕಾಣುವುದು ತಡವಾಗಬಾರದು. ಬದುಕು ಸಾಕೆಂಬ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡಕೂಡದು, ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆಳೆಗೆ ಹೊಡೆಯುವ ಔಷಧಿಯನ್ನಂತೂ ಎಂದಿಗೂ ಬೀಗದೊಳಗೇ ಇಡಿರಿ.

ಈ ರೋಗಕ್ಕೆ ಮಾತಿನ ಚಿಕಿತ್ಸೆಯೂ ಉಂಟು, ಮಾತ್ರೆಯೂ ಉಂಟು. ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು. ಗುಣವಾಯಿತೆಂದು ನಡುವೆ ನಿಲ್ಲಿಸಬಾರದು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಮನಸ್ಸಿನ ಚಿಕಿತ್ಸೆ ಹಳ್ಳಿಯಲ್ಲಿಯೇ ಸಾಧ್ಯವೆಂದು ತೋರಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಆದುದರಿಂದ ಮೊದಲು ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಕೇಳಿರಿ. ಕೊಯಮತ್ತೂರಿನ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿಯೂ ಮನೋರೋಗದ ವಿಭಾಗವಿದೆ.

ನಮ್ಮವರಿಗೆ ಇನ್ನೊಂದು ತೊಡಕುಂಟು. ಸಂತೆಯ ವ್ಯವಹಾರಕ್ಕೆ ನಮ್ಮ ತಮಿಳು ಸಾಲುತ್ತದೆ. ಎದೆಯ ದುಗುಡ ಹೊರಬರುವುದು ಮನೆಮಾತಿನಲ್ಲಿಯೇ. ವಯಸ್ಸಾದವರ ಜೊತೆ ಎರಡೂ ಮಾತು ಬಲ್ಲ ಮನೆಯವರೊಬ್ಬರು ಹೋಗಿ, ಅವರು ಹೇಳಿದುದನ್ನು ಕೂಡಿಸದೆ ಕಳೆಯದೆ ವೈದ್ಯರಿಗೆ ತಿಳಿಸಬೇಕು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ಫೋನ್ ಸೇವೆಯ ಸಂಖ್ಯೆ 14416. ಹಗಲೂ ರಾತ್ರಿಯೂ ನಡೆಯುವ ಈ ಸೇವೆ ಕನ್ನಡದಲ್ಲಿಯೂ ಉಂಟು. ಈ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿರಿ.

ರಾಸಿನ ಬೇನೆಯನ್ನು ಕಣ್ಣೋಟದಲ್ಲಿಯೇ ಅರಿಯುವ ನಮ್ಮ ರೈತ ಬಾಂಧವರಿಗೆ ಮನೆಯವರ ಬೇನೆಯನ್ನು ಅರಿಯುವುದು ಕಷ್ಟವಲ್ಲ. ಇಂದು ರಾತ್ರಿ ಊಟದ ಹೊತ್ತಿಗೆ ಒಮ್ಮೆ ಎಲ್ಲರ ಮುಖ ನೋಡಿರಿ.